ವಿರಾಜಪೇಟೆಯಲ್ಲಿ ಕೊಂಡ ‘ಅದ್ಭುತ ಪದಕ’: ವಸ್ತು, ಅಂಗಡಿ ಮತ್ತು ಹಿನ್ನೆಲೆ

ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ (ಚರ್ಚ್) ಕಡೆಗೆ ಹೋಗುವ ದಾರಿಯಲ್ಲಿ ಜಪಮಾಲೆ, ಮೇಣದಬತ್ತಿ, ಸಂತರ ಚಿತ್ರಪಟ, ಪ್ರಾರ್ಥನಾ ಪುಸ್ತಕಗಳನ್ನು ಮಾರುವ ಚಿಕ್ಕ ಅಂಗಡಿಯೊಂದಿದೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾಗುವ ವಸ್ತುವೆಂದರೆ ಯೇಸುವಿನ ತಾಯಿ ಮರಿಯಮ್ಮನವರ ಚಿತ್ರವಿರುವ, ಮೊಟ್ಟೆಯಾಕಾರದ ಸಣ್ಣ ‘ಅದ್ಭುತ ಪದಕ’. ಕೊಳ್ಳುವವರು ಅತ್ಯಂತ ಕಡಿಮೆ ಗಮನವಿಟ್ಟು ನೋಡುವ ವಸ್ತುವೂ ಅದೇ. ಸಂತೆಯ ದಿನ ಹಳ್ಳಿಗಳಿಂದ, ಕಾಫಿ ತೋಟದ ಲೈನ್ ಮನೆಗಳಿಂದ ಬಂದವರು ಡಬ್ಬಿಯೊಳಗೆ ಕೈಹಾಕಿ ಸಿಕ್ಕಿದ್ದನ್ನು ತೆಗೆದುಕೊಂಡು, ಹಣ ಕೊಟ್ಟು ಹೊರಡುತ್ತಾರೆ. ಆ ಡಬ್ಬಿಯಲ್ಲಿ ಒಳ್ಳೆಯ ಪದಕವೂ ಇದೆ, ಪದಕವೆಂದು ಕರೆಯಲು ಮನಸ್ಸು ಒಪ್ಪದಂಥದ್ದೂ ಇದೆ. ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ಪದಕದ ಮೇಲೆ ಏನೇನಿರಬೇಕು, ಅದು ಅಲ್ಲಿ ಏಕಿರಬೇಕು ಎಂಬುದು ಗೊತ್ತಿರಬೇಕು. ಆದ್ದರಿಂದ ಈ ವಿಮರ್ಶೆಯಲ್ಲಿ ಲೋಹ ಮತ್ತು ಬೆಲೆಗಿಂತ ಚರಿತ್ರೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಂಗಡಿಯಲ್ಲಿರುವ ಮೂರು ಬಗೆಗಳಲ್ಲಿ ನಡುವಿನ ಬೆಲೆಯ, ಮಸುಕು ಬೆಳ್ಳಿಬಣ್ಣದ ಪದಕವೇ ಕೊಳ್ಳಲು ಯೋಗ್ಯವಾದದ್ದು. ಅದರ ಮೇಲಿರುವುದನ್ನೆಲ್ಲ ಬರಿಗಣ್ಣಿನಿಂದ ಓದಲು ಸಾಧ್ಯವಿದೆ, ಈ ಪದಕ ಹುಟ್ಟಿದ್ದೇ ಓದಿಸಿಕೊಳ್ಳುವುದಕ್ಕಾಗಿ.

ಮುಂಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ, ಮಾತೆ ಮರಿಯಮ್ಮ ಭೂಗೋಳದ ಮೇಲೆ ನಿಂತಿದ್ದಾರೆ. ತಲೆಯ ಮೇಲಿಂದ ಮುಸುಕು ಇಳಿದಿದೆ, ಎರಡು ಕೈಗಳೂ ಕೆಳಮುಖವಾಗಿ ತೆರೆದಿವೆ, ಪಾದದ ಕೆಳಗೆ ಹಾವೊಂದು ಸುತ್ತಿಕೊಂಡು ಬಿದ್ದಿದೆ. ಅಂಗೈಗಳಿಂದ ಕಿರಣಗಳು ಹೊರಟು ಭೂಗೋಳದ ಮೇಲೆ ಬೀಳುತ್ತವೆ. ಅಗ್ಗದ ಪದಕಗಳಲ್ಲಿ ಈ ಕಿರಣಗಳು ಸೀರೆಯ ನೆರಿಗೆಯೊಂದಿಗೆ ಕಲಸಿಹೋಗಿ ಎರಡು ದಪ್ಪ ಪಟ್ಟಿಗಳಾಗಿಬಿಡುತ್ತವೆ. ನಾನು ಕೊಂಡ ಪದಕದಲ್ಲಿ ಒಂದೊಂದು ಕಿರಣವೂ ಬೇರೆ ಬೇರೆಯಾಗಿ, ಕೂದಲೆಳೆಯಷ್ಟು ತೆಳ್ಳಗಿನ ಗೆರೆಯಾಗಿ ಎದ್ದು ನಿಂತಿದೆ. ಉಗುರಿನ ತುದಿಯಿಂದ ಸವರಿದರೆ ಆ ಗೆರೆಗಳು ತಾಗುತ್ತವೆ. ಅಚ್ಚೊತ್ತಿ ಮಾಡಿದ ಪದಕಕ್ಕೂ ಕರಗಿಸಿ ಎರಕ ಹೊಯ್ದ ಪದಕಕ್ಕೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತದೆ: ಚೆನ್ನಾಗಿ ಅಚ್ಚೊತ್ತಿದ್ದರ ಅಂಚು ಚುರುಕಾಗಿರುತ್ತದೆ, ಸವೆದ ಅಚ್ಚಿನಿಂದ ಹೊಯ್ದ ಅಗ್ಗದ ಎರಕದ ಅಂಚು ಉಂಡೆಯಾಗಿರುತ್ತದೆ.

ಕಿರಣಗಳ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. 1830ರ ನವೆಂಬರ್ 27ರಂದು ಪ್ಯಾರಿಸ್ ನಗರದ ರ‍್ಯೂ ದು ಬಾಕ್ ಎಂಬ ಬೀದಿಯಲ್ಲಿರುವ ಡಾಟರ್ಸ್ ಆಫ್ ಚಾರಿಟಿ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಸ್ಥೆಯ ಪ್ರಾರ್ಥನಾಲಯದಲ್ಲಿ ಕ್ಯಾಥರೀನ್ ಲಬೂರೆ ಎಂಬ ಕಿರಿಯ ಸಿಸ್ಟರ್ ಕಂಡ ದರ್ಶನದಲ್ಲಿ, ಆ ಕಿರಣಗಳು ಮಾತೆಯ ಬೆರಳುಗಳಲ್ಲಿದ್ದ ಉಂಗುರಗಳ ಹರಳುಗಳಿಂದ ಹೊರಡುತ್ತಿದ್ದವು. ತಮ್ಮನ್ನು ಬೇಡುವವರಿಗೆ ತಾವು ಕೊಡಿಸುವ ವರಪ್ರಸಾದಗಳೇ ಈ ಕಿರಣಗಳು ಎಂದು ಮಾತೆ ತಿಳಿಸಿದರೆಂದು ಕ್ಯಾಥರೀನ್ ಬರೆದಿಟ್ಟಿದ್ದಾರೆ. ಕೆಲವು ಹರಳುಗಳಿಂದ ಮಾತ್ರ ಬೆಳಕು ಬರುತ್ತಿರಲಿಲ್ಲ. ಅವು ಜನರು ಕೇಳಲು ಮರೆತ ವರಗಳು. ಇಡೀ ಪದಕದ ಅರ್ಥ ನನಗೆ ತೆರೆದುಕೊಂಡಿದ್ದು ಈ ಒಂದು ವಿವರದಿಂದ. ಪದಕ ಧರಿಸಿದರೆ ತಾನಾಗಿಯೇ ಏನೋ ಸಿಗುತ್ತದೆ ಎಂದು ದರ್ಶನ ಹೇಳಲಿಲ್ಲ, ಕೇಳಿರಿ ಎಂದು ಹೇಳಿತು. ಸುತ್ತಲೂ ಇರುವ ಅಕ್ಷರಗಳೂ ಒಂದು ಬೇಡಿಕೆಯೇ. ಪಾಪದ ಸೋಂಕಿಲ್ಲದೆ ಗರ್ಭದಲ್ಲಿ ಮೂಡಿದ ಮರಿಯಾ, ನಿಮ್ಮ ಆಶ್ರಯ ಕೋರಿ ಬರುವ ನಮಗಾಗಿ ಪ್ರಾರ್ಥಿಸಿ ಎಂಬುದು ಅದರ ತಾತ್ಪರ್ಯ.

ಕ್ಯಾಥರೀನ್ 1806ರ ಮೇ 2ರಂದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಫೆನ್-ಲೆ-ಮೂತಿಯೆ ಎಂಬ ಹಳ್ಳಿಯ ರೈತರ ಮನೆಯಲ್ಲಿ ಹುಟ್ಟಿದವರು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಮನೆಯಲ್ಲಿದ್ದ ಮರಿಯಮ್ಮನವರ ಪ್ರತಿಮೆಯನ್ನು ತಬ್ಬಿಕೊಂಡು ಇನ್ನು ನೀವೇ ನನಗೆ ತಾಯಿ ಎಂದವರೆಂದು ಅವರ ಚರಿತ್ರೆ ಹೇಳುತ್ತದೆ. ಹೆಚ್ಚು ಶಾಲೆ ಕಲಿಯಲಿಲ್ಲ. ತಂದೆಯ ಮನೆಯ ಅಡುಗೆ, ಹಟ್ಟಿ, ಆಳುಗಳ ಊಟೋಪಚಾರ ಎಲ್ಲವನ್ನೂ ಹದಿಹರೆಯದಲ್ಲೇ ಹೊತ್ತರು. ತೋಟದ ಮನೆಗಳಲ್ಲಿ ಇಂಥ ಹೆಣ್ಣುಮಕ್ಕಳನ್ನು ನೋಡಿರುವ ಕೊಡಗಿನವರಿಗೆ ಆ ಬದುಕು ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. 1830ರ ಏಪ್ರಿಲ್‌ನಲ್ಲಿ ಅವರು ಪ್ಯಾರಿಸ್ಸಿನ ಮಠವನ್ನು ಸೇರಿದರು. ಆ ಜುಲೈ 18ರ ರಾತ್ರಿ, ಸಂತ ವಿನ್ಸೆಂಟ್ ದೆ ಪೌಲರ ಹಬ್ಬದ ಮುನ್ನಾದಿನ, ಮೊದಲ ದರ್ಶನವಾಯಿತು. ನವೆಂಬರ್‌ನ ದರ್ಶನದಲ್ಲಿ ಈ ಮಾದರಿಯಂತೆ ಪದಕ ಮಾಡಿಸಬೇಕೆಂಬ ಅಪ್ಪಣೆ ಬಂತು.

ಅವರು ಅದನ್ನು ತಿಳಿಸಿದ್ದು ತಮ್ಮ ಪಾಪನಿವೇದನೆ ಕೇಳುತ್ತಿದ್ದ ಗುರು (ಪಾದ್ರಿ) ಜ್ಯಾನ್-ಮರಿ ಅಲಾದೆಲ್ ಅವರೊಬ್ಬರಿಗೆ. ಗುರುಗಳು ತಕ್ಷಣ ನಂಬಲಿಲ್ಲ, ಅವಸರಪಡಲೂ ಇಲ್ಲ. ಕೊನೆಗೆ ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಹಯಸಿಂತ್-ಲೂಯಿ ದ ಕೆಲೆನ್ ಅವರ ಒಪ್ಪಿಗೆ ಪಡೆದರು. ಅದ್ರಿಯಾನ್ ವಾಶೆತ್ ಎಂಬ ಅಕ್ಕಸಾಲಿ ತಯಾರಿಸಿದ ಮೊದಲ 1,500 ಪದಕಗಳು 1832ರ ಜೂನ್ 30ರಂದು ಕೈಸೇರಿದವು. ಆ ವರ್ಷದ ವಸಂತದಿಂದಲೇ ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿ ಸಾವಿರಾರು ಜನರು ಸಾಯುತ್ತಿದ್ದರು. ರೋಗಿಗಳ ಶುಶ್ರೂಷೆಗೆ ಹೋಗುತ್ತಿದ್ದ ಸಿಸ್ಟರ್‌ಗಳು ಈ ಪದಕಗಳನ್ನು ಜೊತೆಯಲ್ಲಿ ಒಯ್ದು ಹಂಚಿದರು. ಗುಣವಾದ ರೋಗಿಗಳ ಸುದ್ದಿ, ಮನಸ್ಸು ತಿರುಗಿದವರ ಸುದ್ದಿ ಓಣಿಯಿಂದ ಓಣಿಗೆ ಹರಡಿತು. ‘ನಿಷ್ಕಳಂಕ ಗರ್ಭಧಾರಣೆಯ ಪದಕ’ ಎಂದು ಹೊರಬಂದ ವಸ್ತುವಿಗೆ ‘ಅದ್ಭುತ’ ಎಂಬ ಹೆಸರು ಕೊಟ್ಟವರು ಧರ್ಮಾಧಿಕಾರಿಗಳಲ್ಲ, ಬೀದಿಯ ಜನ.

ಇನ್ನು ಹಿಂಭಾಗ. ಪದಕ ಕೊಳ್ಳುವವರಲ್ಲಿ ಹೆಚ್ಚಿನವರು ತಿರುಗಿಸಿಯೂ ನೋಡದ ಈ ಭಾಗದಲ್ಲೇ ಪದಕದ ಗುಣಮಟ್ಟ ಗೊತ್ತಾಗುತ್ತದೆ ಎಂಬುದು ನನ್ನ ಅನುಭವ. ಮರಿಯಾ ಹೆಸರಿನ ಮೊದಲಕ್ಷರವಾದ ರೋಮನ್ ಲಿಪಿಯ ‘ಎಂ’, ಅದರೊಳಗೆ ಹೆಣೆದುಕೊಂಡ ಒಂದು ಅಡ್ಡಪಟ್ಟಿ, ಪಟ್ಟಿಯ ಮೇಲೆ ಶಿಲುಬೆ. ಕೆಳಗೆ ಎರಡು ಹೃದಯಗಳು: ಒಂದಕ್ಕೆ ಮುಳ್ಳಿನ ಕಿರೀಟ ಸುತ್ತಿದೆ, ಇನ್ನೊಂದಕ್ಕೆ ಕತ್ತಿ ಇರಿದಿದೆ. ಅಂಚಿನುದ್ದಕ್ಕೂ ಹನ್ನೆರಡು ನಕ್ಷತ್ರಗಳು. ಶಿಲುಬೆ ಮತ್ತು ಅಕ್ಷರ ಹೆಣೆದುಕೊಂಡಿರುವುದು, ಮಗನ ಶಿಲುಬೆಯ ಬಳಿ ತಾಯಿ ನಿಂತಿದ್ದರೆಂಬ, ಬೈಬಲಿನ ಯೊವಾನ್ನರ ಶುಭಸಂದೇಶದ ಮಾತನ್ನು ನೆನಪಿಸುತ್ತದೆ. ಮುಳ್ಳಿನ ಹೃದಯ ಯೇಸುವಿನದು. ಕತ್ತಿಯ ಹೃದಯ ಮರಿಯಮ್ಮನವರದು. ಎಳೆಗೂಸನ್ನು ದೇವಾಲಯಕ್ಕೆ ತಂದ ದಿನ ವೃದ್ಧ ಸಿಮೆಯೋನ, ಕತ್ತಿಯೊಂದು ನಿನ್ನ ಮನಸ್ಸನ್ನು ಸೀಳುವುದೆಂದು ತಾಯಿಗೆ ಹೇಳಿದ ಭವಿಷ್ಯ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿದೆ. ಹನ್ನೆರಡು ನಕ್ಷತ್ರಗಳು ಬೈಬಲಿನ ಕೊನೆಯ ಭಾಗವಾದ ಪ್ರಕಟಣಾ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ, ನಕ್ಷತ್ರಗಳ ಕಿರೀಟ ಧರಿಸಿದ ಸ್ತ್ರೀಯನ್ನು ಸೂಚಿಸುತ್ತವೆ. ಅವನ್ನು ಯೇಸುವಿನ ಹನ್ನೆರಡು ಮಂದಿ ಪ್ರೇಷಿತ ಶಿಷ್ಯರೆಂದು ಓದುವುದೂ ಉಂಟು.

ಹಿಂಭಾಗದಲ್ಲಿ ಯಾವ ಪ್ರಾರ್ಥನೆಯನ್ನು ಬರೆಸಬೇಕೆಂದು ಕೇಳಿ ತಿಳಿಯುವಂತೆ ಅಲಾದೆಲ್ ಗುರುಗಳು ಹೇಳಿದಾಗ, ಆ ಅಕ್ಷರವೂ ಎರಡು ಹೃದಯಗಳೂ ಸಾಕಷ್ಟು ಹೇಳುತ್ತವೆ ಎಂಬ ಉತ್ತರ ತಮ್ಮ ಅಂತರಂಗದಲ್ಲಿ ಕೇಳಿಸಿತೆಂದು ಕ್ಯಾಥರೀನ್ ತಿಳಿಸಿದರು. ಆದ್ದರಿಂದ ಹಿಂಬದಿಯಲ್ಲಿ ಮಾತುಗಳಿರಬಾರದು. ಅಂಗಡಿಯ ಅತಿ ದುಬಾರಿ ಪದಕ ನನ್ನ ಮೆಚ್ಚುಗೆ ಕಳೆದುಕೊಂಡಿದ್ದು ಇಲ್ಲಿಯೇ. ನೀಲಿ ಮೀನಾಕಾರಿ ಕೆಲಸದ, ಹೊಳೆಯುವ ಆ ಪದಕದ ಹಿಂದೆ ತಯಾರಕರು ಶುಭಾಶಯದ ಸಾಲೊಂದನ್ನು ಕೆತ್ತಿಸಿ, ಅದಕ್ಕೆ ಜಾಗ ಮಾಡಲು ಹೃದಯಗಳನ್ನು ಅವರೆಕಾಳಿಗಿಂತ ಚಿಕ್ಕದು ಮಾಡಿದ್ದಾರೆ. ಯಾವುದಕ್ಕೆ ಮುಳ್ಳು, ಯಾವುದಕ್ಕೆ ಕತ್ತಿ ಎಂದು ಭೂತಗನ್ನಡಿ ಹಿಡಿದರೂ ಕಾಣುವುದಿಲ್ಲ. ನೋಡಲು ಚೆಂದವಿದೆ, ಉಡುಗೊರೆಯ ಪೆಟ್ಟಿಗೆಯಲ್ಲಿ ಇನ್ನೂ ಚೆಂದ. ಆದರೆ ಹೇಳಬೇಕಾದ್ದನ್ನು ಅದು ಹೇಳುವುದಿಲ್ಲ.

ವಿರಾಜಪೇಟೆಯಲ್ಲಿ ಈ ಪದಕ ಕೊಳ್ಳುವುದಕ್ಕೆ ವಿಶೇಷವಾದ ಒಂದು ಔಚಿತ್ಯವಿದೆ ಎಂದು ನನಗೆ ಅನ್ನಿಸುತ್ತದೆ. ಊರನ್ನು ಕಟ್ಟಿಸಿದವರು ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ. ಟಿಪ್ಪು ಸುಲ್ತಾನನ ಕಾಲದಲ್ಲಿ ಕಷ್ಟಕ್ಕೆ ಸಿಕ್ಕಿ ಕೊಡಗಿಗೆ ಬಂದು ಸೇರಿದ ಕ್ರೈಸ್ತರಿಗೆ ಅವರು ಆಶ್ರಯ ಕೊಟ್ಟರು. ದೇವಾಲಯದ ಆರಂಭ 1792ಕ್ಕೆ ಸೇರಿದ್ದು. ಆ ದೇವಾಲಯದ ಪಾಲಕಿ ಸಂತ ಅನ್ನಮ್ಮ, ಅಂದರೆ ಸಂಪ್ರದಾಯದ ಪ್ರಕಾರ ಮರಿಯಮ್ಮನವರ ತಾಯಿ. ಪದಕದ ಸುತ್ತ ಬರೆದಿರುವ ‘ಪಾಪವಿಲ್ಲದ ಗರ್ಭಧಾರಣೆ’ ನಡೆದದ್ದು ಇದೇ ಅನ್ನಮ್ಮನವರ ಉದರದಲ್ಲಿ. ಯೇಸು ಕನ್ಯೆಯ ಗರ್ಭದಲ್ಲಿ ಬಂದರೆಂಬ ವಿಶ್ವಾಸವನ್ನೇ ಇದು ಹೇಳುತ್ತಿದೆ ಎಂದು ನಮ್ಮವರಲ್ಲೇ ಬಹಳ ಜನ ತಿಳಿದಿದ್ದಾರೆ, ಆದರೆ ಅದು ಬೇರೆ, ಇದು ಬೇರೆ. ಯೇಸುವಿನ ತಾಯಿಯಾಗಬೇಕಾದ ಮರಿಯಮ್ಮ, ತಮ್ಮ ತಾಯಿಯ ಗರ್ಭದಲ್ಲಿ ಮೂಡಿದ ಮೊದಲ ಕ್ಷಣದಿಂದಲೇ, ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಅಂಟಿಬರುವ ಜನ್ಮಪಾಪದಿಂದ ಮುಕ್ತರಾಗಿದ್ದರು ಎಂಬುದು ಇಲ್ಲಿಯ ವಿಶ್ವಾಸ. ಪೋಪ್ ಒಂಬತ್ತನೆಯ ಪಿಯುಸ್ ಅವರು ಇದನ್ನು ಧರ್ಮಸಭೆಯ (ಕ್ಯಾಥೊಲಿಕ್ ಚರ್ಚಿನ) ವಿಶ್ವಾಸಸತ್ಯವೆಂದು ವಿಧ್ಯುಕ್ತವಾಗಿ ಘೋಷಿಸಿದ್ದು 1854ರ ಡಿಸೆಂಬರ್ 8ರಂದು. ಅಷ್ಟರಲ್ಲಿ ಪದಕವು ಎರಡು ದಶಕಗಳಿಂದ ಅದೇ ಮಾತನ್ನು ಹೊತ್ತು ಜನರ ಕೊರಳಲ್ಲಿ ತಿರುಗಾಡುತ್ತಿತ್ತು. ಹೀಗೆ, ತಾಯಿಯ ಹೆಸರಿನ ದೇವಾಲಯದ ಪಕ್ಕದಲ್ಲಿ ಮಗಳ ಪದಕ ಸಿಗುತ್ತದೆ. ಅಂಗಡಿಯವರು ಇದನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸಿದರೆ ಬಹಳ ಉಪಕಾರವಾಗುತ್ತದೆ.

ಕೊಡಗಿನಲ್ಲಿ ಹಾವಿನ ಚಿತ್ರದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕೊಡವ ವಧುವಿನ ಕೊರಳಿನ ಪತ್ತಾಕ್‌ನಲ್ಲಿ ನಡುವೆ ಚಿನ್ನದ ನಾಣ್ಯ, ಸುತ್ತ ಕೆಂಪು ಹರಳು, ಮೇಲ್ಗಡೆ ಹೆಡೆ ಎತ್ತಿದ ನಾಗ ಇರುತ್ತದೆ. ಅಲ್ಲಿ ನಾಗ ಕಾಯುವವನು. ತೋಟಗಳ ನಡುವೆ ನಾಗಬನಗಳನ್ನು ಕಡಿಯದೆ ಉಳಿಸಿಕೊಂಡು ಬಂದ ನಾಡು ಇದು. ಇಂಥ ಊರಿನಲ್ಲಿ ಪಾದದ ಕೆಳಗೆ ಹಾವಿರುವ ಪದಕವನ್ನು ಧರಿಸಿದರೆ ನೆರೆಯವರು ಏನೆಂದುಕೊಂಡಾರು ಎಂಬ ಅಳುಕು ಕೆಲವರಿಗೆ ಇರುವುದನ್ನು ನಾನು ಕೇಳಿದ್ದೇನೆ. ಪದಕದ ಹಾವು ಬನದ ನಾಗನಲ್ಲ. ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಮೊದಲ ಸ್ತ್ರೀಯನ್ನು ಮೋಸಗೊಳಿಸಿದ, ಸ್ತ್ರೀಯ ಸಂತತಿಯಿಂದ ತಲೆ ಜಜ್ಜಿಸಿಕೊಳ್ಳುವೆಯೆಂದು ದೇವರಿಂದ ಶಾಪ ಪಡೆದ ಕೇಡಿನ ಗುರುತು ಅದು. ಕೊರಳ ಆಭರಣಕ್ಕೆ ಅರ್ಥವಿದೆ, ಅದರ ಪ್ರತಿ ಅಂಗಕ್ಕೂ ಹೇಳಬೇಕಾದ ಮಾತಿದೆ ಎಂಬುದನ್ನು ಕೊಡಗಿನವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಹೀಗೆ ವಿವರಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇದೇ ಜಾಡಿನಲ್ಲಿ ಇನ್ನೊಂದು ಸಂಗತಿ. ಕ್ಯಾಥರೀನ್ ದರ್ಶನ ಕಂಡ ಪ್ರಾರ್ಥನಾಲಯ ರ‍್ಯೂ ದು ಬಾಕ್ ಬೀದಿಯ 140ನೆಯ ಸಂಖ್ಯೆಯಲ್ಲಿದೆ. ಅದೇ ಬೀದಿಯ 128ನೆಯ ಸಂಖ್ಯೆಯಲ್ಲಿ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುವಿದ್ಯಾಮಂದಿರವಿದೆ. ಮೈಸೂರು ಸೀಮೆಗೂ ಕೊಡಗಿಗೂ 19ನೆಯ ಶತಮಾನದಲ್ಲಿ ಸೇವೆಗೆ ಬರುತ್ತಿದ್ದ ಫ್ರೆಂಚ್ ಗುರುಗಳು ಆ ಸಂಸ್ಥೆಗೆ ಸೇರಿದವರು. ಶ್ರೀರಂಗಪಟ್ಟಣದಲ್ಲಿಯೂ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೂ ವರ್ಷಗಟ್ಟಲೆ ದುಡಿದು, ನಮ್ಮ ಜನರ ರೀತಿನೀತಿಗಳ ಬಗ್ಗೆ ಪ್ರಸಿದ್ಧ ಗ್ರಂಥ ಬರೆದ ಅಬ್ಬೆ ದ್ಯುಬುವಾ ಅವರು 1823ರಲ್ಲಿ ಭಾರತವನ್ನು ಬಿಟ್ಟು ಮರಳಿದ್ದು ಅದೇ ಮನೆಗೆ. 1848ರಲ್ಲಿ ತೀರಿಕೊಂಡದ್ದೂ ಪ್ಯಾರಿಸ್ಸಿನಲ್ಲಿಯೇ. ಅಂದರೆ ಪದಕದ ದರ್ಶನವಾದ ಕಾಲದಲ್ಲಿ, ಕನ್ನಡ ನಾಡಿನ ಕ್ರೈಸ್ತರನ್ನು ಹೆಸರು ಹಿಡಿದು ಕರೆಯಬಲ್ಲ ಗುರುವೊಬ್ಬರು ಕೆಲವೇ ಮನೆಗಳಾಚೆ ವಾಸವಾಗಿದ್ದರು. ಇದರಿಂದ ಪದಕದ ಚರಿತ್ರೆ ಬದಲಾಗುವುದಿಲ್ಲ, ಆದರೂ ಈ ಸಂಗತಿ ತಿಳಿದಂದಿನಿಂದ ಪದಕದ ಮೇಲಿನ 1830 ಎಂಬ ಇಸವಿ ನನಗೆ ಅಷ್ಟು ದೂರದ್ದೆಂದು ತೋರುವುದಿಲ್ಲ.

ಈಗ ಲೋಹದ ವಿಚಾರ. ಅತಿ ಅಗ್ಗದ್ದು ಅಲ್ಯೂಮಿನಿಯಂ ಪದಕ. ತೂಕವೇ ಇಲ್ಲ, ತುಕ್ಕು ಹಿಡಿಯುವುದಿಲ್ಲ, ಆದರೆ ಬಹಳ ಮೆದು. ಜಪಮಾಲೆಯ ಮಣಿಗಳಿಗೆ ಉಜ್ಜಿಕೊಂಡು ಒಂದೆರಡು ವರ್ಷಗಳಲ್ಲಿ ಮುಖದ ಗೆರೆಗಳು ಸವೆದುಹೋಗುತ್ತವೆ. ಮಕ್ಕಳಿಗೆ, ಪ್ರಥಮ ಪರಮಪ್ರಸಾದದ ತರಗತಿಯಲ್ಲಿ ಎಲ್ಲರಿಗೂ ಹಂಚುವುದಕ್ಕೆ ಇದು ಸಾಕು. ನಡುವಿನದು ಮಿಶ್ರಲೋಹದ್ದು. ಮೇಲೆ ಬೆಳ್ಳಿಯ ಬಣ್ಣ ಕೊಟ್ಟು, ಗುಳಿಗಳಲ್ಲಿ ಕಪ್ಪು ಉಳಿಯುವಂತೆ ಮಾಡಿದ್ದಾರೆ. ಆ ಕಪ್ಪಿನಿಂದಲೇ ಅಕ್ಷರ, ಕಿರಣ, ನಕ್ಷತ್ರಗಳು ಎದ್ದು ಕಾಣುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಗೋಡೆಯ ಮೇಲೆ ಬೂಷ್ಟು ಹಿಡಿಯುವ ನಮ್ಮ ಮಳೆಗಾಲವನ್ನು ನನ್ನ ಪದಕ ಕೊರಳಲ್ಲಿಯೇ ಕಳೆದಿದೆ. ದಾರ ಪೋಣಿಸುವ ಮೇಲಿನ ಬಳೆಯ ಬಳಿ ಬಣ್ಣ ಸ್ವಲ್ಪ ಹೋಗಿ ಒಳಗಿನ ಹಳದಿ ಇಣುಕುತ್ತಿದೆ, ಉಳಿದದ್ದೆಲ್ಲ ಸರಿಯಾಗಿದೆ. ನಿಕ್ಕಲ್ ಲೋಹ ಚರ್ಮಕ್ಕೆ ಆಗದವರು ಇದನ್ನು ಮೈಗೆ ತಾಗಿಸಿ ಧರಿಸದೆ ಜಪಮಾಲೆಗೆ ಅಥವಾ ಕೀಲಿಗೊಂಚಲಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಅಪ್ಪಟ ಬೆಳ್ಳಿಯದು ಬೇಕೆನ್ನುವವರಿಗೆ ಅಂಗಡಿಯವರು ತರಿಸಿಕೊಡುತ್ತಾರೆ. ಅದರ ಹಿಂದೆ 925 ಎಂಬ ಗುರುತಿದೆಯೇ ಎಂದು ನೋಡಿಕೊಳ್ಳಬೇಕು. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂಬುದು ಆ ಗುರುತಿನ ಅರ್ಥ. ಗಾಳಿಯಲ್ಲಿರುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ, ತೇವ ಹೆಚ್ಚಿದ್ದಷ್ಟೂ ಬೇಗ ಕಪ್ಪಾಗುತ್ತದೆ. ಕೊಡಗಿನ ಮಳೆಯಲ್ಲಿ ಇದನ್ನು ತಪ್ಪಿಸುವ ಉಪಾಯವಿಲ್ಲ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಪೂರ್ತಿ ಬಿಳಿಯಾಗುವಂತೆ ತಿಕ್ಕಿದರೆ ಗೆರೆಗಳ ಗುಳಿಯಲ್ಲಿರುವ ಕಪ್ಪೂ ಹೋಗಿ ಚಿತ್ರ ಮಂಕಾಗುತ್ತದೆ.

ಹೋಲಿಕೆಗೆಂದು ಆನ್‌ಲೈನ್‌ನಲ್ಲಿಯೂ ಒಂದನ್ನು ತರಿಸಿದ್ದೆ, ಮಾರಿದವರ ಹೆಸರು ಇಲ್ಲಿ ಬೇಡ. ಚಿತ್ರದಲ್ಲಿ ಕಂಡ ಪದಕಕ್ಕೂ ಬಂದದ್ದಕ್ಕೂ ಸಂಬಂಧವಿರಲಿಲ್ಲ. ಹಿಂಭಾಗದ ನಕ್ಷತ್ರಗಳು ಹತ್ತೇ ಇದ್ದವು. ಎರಡು ಹೃದಯಗಳೂ ಒಂದೇ ಅಚ್ಚಿನವು, ಮುಳ್ಳಿಲ್ಲ, ಕತ್ತಿಯಿಲ್ಲ. ಮುಂಭಾಗದ ಸುತ್ತಿನ ಪ್ರಾರ್ಥನೆ ಯಾವ ಭಾಷೆಗೂ ಸೇರದ ಅಕ್ಷರಗಳ ಸಾಲಾಗಿತ್ತು. ಪ್ರಾರ್ಥನೆಯ ಮಾತುಗಳನ್ನು ಬರಿಯ ಅಲಂಕಾರದ ಅಂಚಾಗಿ ಎಣಿಸಿ ಅಚ್ಚು ಮಾಡಿದ್ದನ್ನು ನೋಡಿ ನನಗೆ ನಿಜವಾಗಿಯೂ ನೋವಾಯಿತು. ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಸಾಧ್ಯವಿರುವವರು ಅಂಗಡಿಗೇ ಹೋಗಲಿ ಎಂಬುದು ನನ್ನ ಬಲವಾದ ಸಲಹೆ.

ಅಂಗಡಿಯ ಮೇಲೂ ನನಗೊಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ಪದಕದ ಜೊತೆ ಮಡಚಿ ಕೊಡುವ ಕರಪತ್ರದಲ್ಲಿ, ಇದನ್ನು ಧರಿಸಿದವರಿಗೆ ಅಪಘಾತವಾಗದು, ಸಾಲ ತೀರುವುದು, ಇಷ್ಟು ದಿನದೊಳಗೆ ಬೇಡಿದ್ದು ಸಿಗುವುದು ಎಂದೆಲ್ಲ ಅಚ್ಚಾಗಿದೆ. ಇದು ಧರ್ಮಸಭೆಯ ಬೋಧನೆಯಲ್ಲ. ಪದಕ, ಜಪಮಾಲೆ, ತೀರ್ಥ ಮುಂತಾದವುಗಳು ಜ್ಞಾನಸ್ನಾನದಂಥ ಸಂಸ್ಕಾರಗಳಲ್ಲ. ಧರ್ಮಸಭೆಯ ಪ್ರಾರ್ಥನೆಯ ಬಲದಿಂದ ಮನಸ್ಸನ್ನು ವರಪ್ರಸಾದಕ್ಕೆ ಸಿದ್ಧಪಡಿಸುವ ಪವಿತ್ರ ಗುರುತುಗಳು ಅವು. ಲೋಹಕ್ಕೆ ತನ್ನದೇ ಆದ ಶಕ್ತಿಯಿದೆಯೆಂದು ನಂಬಿ ಧರಿಸಿದರೆ ಅದು ತಾಯತವಾಗುತ್ತದೆ, ಪದಕವಾಗಿ ಉಳಿಯುವುದಿಲ್ಲ. ಆಸ್ಪತ್ರೆಯ ಬಿಲ್ಲು, ಬೆಳೆಸಾಲ, ಕೈಕೊಟ್ಟ ಕರಿಮೆಣಸು ಇವೆಲ್ಲದರ ನಡುವೆ ಇಪ್ಪತ್ತು ರೂಪಾಯಿ ಕೊಟ್ಟು ಭರವಸೆ ಕೊಳ್ಳಲು ಬಂದವರ ಕೈಗೆ ಈ ಕರಪತ್ರವನ್ನು ಇಡುವುದು ಅನ್ಯಾಯ. ಬೇಡಿದ್ದು ಸಿಗದಿದ್ದಾಗ ಅವರು ದೂರುವುದು ಕರಪತ್ರವನ್ನಲ್ಲ, ತಮ್ಮ ವಿಶ್ವಾಸವನ್ನೇ.

‘ಅದ್ಭುತ’ ಎಂಬ ಹೆಸರಿಗೆ ನಿಜವಾದ ಆಧಾರ ಬೇಕಿದ್ದರೆ ಕರಪತ್ರದಲ್ಲಿ ಬರೆಯಲು ಬೇಕಾದಷ್ಟಿದೆ. ಸ್ಟ್ರಾಸ್‌ಬರ್ಗ್‌ನ ಯೆಹೂದಿ ಬ್ಯಾಂಕಿಂಗ್ ಮನೆತನದ ಆಲ್ಫೋನ್ಸ್ ರಾತಿಸ್‌ಬೋನ್ ಎಂಬ ಯುವಕ ರೋಮ್‌ಗೆ ಪ್ರವಾಸ ಬಂದಿದ್ದಾಗ, ಪರಿಚಯದ ಬ್ಯಾರನ್ ಒಬ್ಬರು ಸವಾಲಿನ ರೀತಿಯಲ್ಲಿ ಈ ಪದಕವನ್ನು ಅವನ ಕೊರಳಿಗೆ ಹಾಕಿಸಿದರು. ಕ್ಯಾಥೊಲಿಕರ ನಂಬಿಕೆಯನ್ನು ಹಗುರವಾಗಿ ಕಾಣುತ್ತಿದ್ದ ಅವನು 1842ರ ಜನವರಿ 20ರಂದು ಸಂತ ಅಂದ್ರೆಯಾ ದೆಲ್ಲೆ ಫ್ರಾತ್ತೆ ದೇವಾಲಯದಲ್ಲಿ ಮರಿಯಮ್ಮನವರನ್ನು ಪದಕದಲ್ಲಿರುವ ರೂಪದಲ್ಲಿಯೇ ಕಂಡೆನೆಂದು ಹೇಳಿ, ಆ ತಿಂಗಳಲ್ಲೇ ಜ್ಞಾನಸ್ನಾನ ಪಡೆದನು. ಮುಂದೆ ಗುರುವಾಗಿ, ಜೆರುಸಲೇಮ್ ಇರುವ ಪವಿತ್ರ ನಾಡಿನಲ್ಲಿ ಸೇವೆ ಮಾಡುತ್ತ 1884ರಲ್ಲಿ ತೀರಿಕೊಂಡನು. ಅವನಿಗೆ ಸಿಕ್ಕಿದ್ದು ಸಾಲದ ತೀರುವಳಿಯಲ್ಲ, ಬದುಕಿನ ದಿಕ್ಕೇ ಬದಲಾಯಿತು.

ಕ್ಯಾಥರೀನ್ ಅವರ ಜೀವನವನ್ನು ನೋಡಿದರೂ ಅಷ್ಟೇ. ದರ್ಶನ ಕಂಡವರು ತಾವೆಂಬುದನ್ನು ಅವರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ, ಪಾಪನಿವೇದನೆಯ ಗುರುಗಳನ್ನು ಬಿಟ್ಟು, ಮಠದಲ್ಲಿ ಯಾರಿಗೂ ಹೇಳಲಿಲ್ಲ. ಪ್ಯಾರಿಸ್ಸಿನ ರೋಯಿ ಬಡಾವಣೆಯ ವೃದ್ಧಾಶ್ರಮದಲ್ಲಿ ಮುದುಕರಿಗೆ ಉಣಿಸುತ್ತ, ಬಟ್ಟೆ ಒಗೆಯುತ್ತ, ಕೋಳಿ-ಹಸುಗಳನ್ನು ನೋಡಿಕೊಳ್ಳುತ್ತ ಕಾಲ ಕಳೆದರು. ಪದಕ ದೇಶದೇಶಗಳಿಗೆ ಹೋಯಿತು. ಅದನ್ನು ತಂದವರು ಯಾರೆಂಬ ಕುತೂಹಲದ ಮಾತು ಅವರೆದುರಿಗೇ ನಡೆಯುತ್ತಿತ್ತು. ಮಠದ ಮೇಲಧಿಕಾರಿಗೆ ಅವರು ಗುಟ್ಟು ತಿಳಿಸಿದ್ದು 1876ರಲ್ಲಿ, ಸಾವು ಹತ್ತಿರವಾದಾಗ. ಅದೇ ವರ್ಷ ಡಿಸೆಂಬರ್ 31ರಂದು ಅವರು ತೀರಿಕೊಂಡರು. 1947ರ ಜುಲೈ 27ರಂದು ಪೋಪ್ ಹನ್ನೆರಡನೆಯ ಪಿಯುಸ್ ಅವರನ್ನು ಸಂತರೆಂದು ಘೋಷಿಸಿದರು. ಪದಕವನ್ನು ಹೇಗೆ ಧರಿಸಬೇಕೆಂದು ಕೇಳುವವರಿಗೆ ನಾನು ಈ ಬದುಕನ್ನೇ ತೋರಿಸುತ್ತೇನೆ.

ಕರಪತ್ರದ ವಿಚಾರವನ್ನು ನಾನು ಅಂಗಡಿಯ ಅಮ್ಮನವರೊಂದಿಗೆ ಮಾತನಾಡಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, “ಇದು ಪದಕದ ಕಟ್ಟಿನ ಜೊತೆಗೇ ಬರುತ್ತೆ, ನಾವು ಓದಿ ನೋಡಿದವರಲ್ಲ. ನೀವು ಫಾದರ್ ಹತ್ರ ತೋರಿಸಿ ಸರಿಯಾದದ್ದು ಒಂದು ಬರೆಸಿಕೊಡಿ, ನಾವೇ ಜೆರಾಕ್ಸ್ ಮಾಡಿಸಿ ಇಡ್ತೇವೆ” ಎಂದರು. ಅವರ ಇನ್ನೊಂದು ನಡವಳಿಕೆಯನ್ನೂ ಮೆಚ್ಚಿ ಹೇಳಬೇಕು. ಗಿರಾಕಿಯೊಬ್ಬರು, ಆಶೀರ್ವಾದ ಮಾಡಿಸಿಟ್ಟ ಪದಕವಿದ್ದರೆ ಹೆಚ್ಚು ಹಣ ಕೊಡುತ್ತೇನೆ ಎಂದಾಗ, ಆಶೀರ್ವಾದಕ್ಕೆ ಬೆಲೆ ಕಟ್ಟುವಂತಿಲ್ಲ, ಇಲ್ಲಿ ಕೊಂಡು ಚರ್ಚಿನ ಬಲಿಪೂಜೆಯ (ಮಾಸ್) ನಂತರ ಗುರುಗಳ ಬಳಿಗೆ ಒಯ್ಯಿರಿ ಎಂದು ತಿಳಿಹೇಳಿ ಕಳಿಸಿದರು. ಧರ್ಮಸಭೆಯ ನಿಯಮವೂ ಇದೇ.

ಅದೇ ಗಾಜಿನ ಪೆಟ್ಟಿಗೆಯಲ್ಲಿ ಸಂತ ಬೆನೆಡಿಕ್ಟರ ಪದಕವೂ ಇದೆ. ಹಿಂಬದಿಯ ಶಿಲುಬೆಯ ಮೇಲೆ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳಿರುವ, 1880ರಲ್ಲಿ ಇಟಲಿಯ ಮೊಂಟೆ ಕಸಿನೊ ಮಠದವರು ಹೊರತಂದ ಮಾದರಿ ಅದು. ಅಚ್ಚು ಚೆನ್ನಾಗಿದೆ, ಆದರೆ ಅದರ ಚರಿತ್ರೆ ಬೇರೆಯೇ ಆದದ್ದರಿಂದ ಇಲ್ಲಿ ಬೆರೆಸುವುದಿಲ್ಲ. ಕಪ್ಪು ದಾರದಲ್ಲಿ ಪೋಣಿಸಿ ಕೊಡುವ ಪದಕಗಳ ದಾರ ಕಳಪೆ. ಬೆವರಿಗೆ ಬಣ್ಣ ಬಿಡುತ್ತದೆ, ಗಂಟು ಸಡಿಲವಾಗುತ್ತದೆ. ಪದಕವನ್ನು ಬಿಡಿಯಾಗಿ ಕೊಂಡು ಗಟ್ಟಿ ಹುರಿಯನ್ನೋ ಸ್ಟೀಲ್ ಸರವನ್ನೋ ಬೇರೆ ಕೊಳ್ಳಬೇಕು. ಮೇಲಿನ ಬಳೆಯ ಬಾಯಿ ಪೂರ್ತಿ ಮುಚ್ಚಿದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲಿಯೇ ಇಕ್ಕಳದಿಂದ ಒತ್ತಿಸಿಕೊಳ್ಳಿ. ಕಾಫಿ ಕೊಯ್ಯುವಾಗ ಕೊಂಬೆಗೆ ಸಿಕ್ಕಿ ಪದಕಗಳು ಕಳೆದುಹೋಗುವುದು ಹೆಚ್ಚಾಗಿ ಈ ಬಾಯಿ ತೆರೆದುಕೊಂಡೇ.

ಪದಕದ ಹಬ್ಬ ನವೆಂಬರ್ 27ರಂದು. ಅರೇಬಿಕಾ ಕೊಯ್ಲು ಶುರುವಾಗಿ, ಹುತ್ತರಿಯ ಸಿದ್ಧತೆಯೂ ಆರಂಭವಾಗಿ, ಪೇಟೆಯಲ್ಲಿ ಜನ ತುಂಬುವ ಹೊತ್ತು ಅದು. ನಡುವಿನ ಬೆಲೆಯ ಪದಕಗಳನ್ನು ಅಂಗಡಿಯವರು ಸ್ವಲ್ಪವೇ ತರಿಸುವುದರಿಂದ ಆ ವಾರದಲ್ಲಿ ಅಲ್ಯೂಮಿನಿಯಂ ಮತ್ತು ನೀಲಿ ಬಣ್ಣದವು ಮಾತ್ರ ಉಳಿದಿರುತ್ತವೆ. ಹೆಚ್ಚು ಸಂಖ್ಯೆಯಲ್ಲಿ ಬೇಕಾದವರು ಅಕ್ಟೋಬರ್ ಜಪಮಾಲೆಯ ತಿಂಗಳಲ್ಲೇ ಹೇಳಿಟ್ಟರೆ ತರಿಸಿಡುತ್ತಾರೆ, ಮುಂಗಡ ಕೇಳುವುದಿಲ್ಲ.